ರ‍್ಯಾಂಕ್ ಏರಿತು, ಮಕ್ಕಳು ಅಲ್ಲೇ ಇದ್ದಾರೆ: ಮೂರು ವರ್ಷ ಸಾಲಾಗಿ ‘ಬೋರ್ಡ್’ ಕಂಡ ಬ್ಯಾಚ್ ಹೇಳುವುದೇನು?

ಕದ್ರಿ: 2025ರ ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಬರೆದ ಬ್ಯಾಚ್ ಈಗ ಪಿಯುಸಿಯಲ್ಲಿ ಉಂಟು. ಮಲ್ಲಿಕಟ್ಟೆ, ಕದ್ರಿ ಕಂಬಳ, ಬಿಕರ್ನಕಟ್ಟೆ ಕಡೆ ಆ ವಯಸ್ಸಿನ ಮಗನೋ ಮಗಳೋ ಇರುವ ಮನೆ ಬೀದಿಗೊಂದಾದರೂ ಸಿಕ್ಕೀತು. ಆ ಮಕ್ಕಳ ಶಾಲೆಯ ಲೆಕ್ಕವನ್ನು ಒಮ್ಮೆ ಹಿಂದಿನಿಂದ ಹಾಕಿ ನೋಡಬೇಕು.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಶಾಲೆಗೆ ಬೀಗ ಬಿದ್ದಾಗ ಅವರು ಐದನೇ ಕ್ಲಾಸು. ಆರನೇ ಕ್ಲಾಸು ಹೋದದ್ದು ಅಪ್ಪನ ಮೊಬೈಲ್‌ನಲ್ಲಿ, ಚಂದನ ವಾಹಿನಿಯ ‘ಸಂವೇದ’ ಪಾಠದಲ್ಲಿ, ಆಗಸ್ಟ್‌ನಲ್ಲಿ ಶುರುವಾಗಿ ಅಕ್ಟೋಬರ್‌ನಲ್ಲಿ ನಿಂತು ಜನವರಿಯಲ್ಲಿ ಮತ್ತೆ ಶುರುವಾದ ‘ವಿದ್ಯಾಗಮ’ದಲ್ಲಿ. ಏಳನೇ ಕ್ಲಾಸು ಅರ್ಧಂಬರ್ಧ. ಎಂಟಕ್ಕೆ ಬಂದಾಗ ಸರ್ಕಾರ ಹೇಳಿತು, ಈ ವರ್ಷ ಬೋರ್ಡ್ ಮಟ್ಟದ ಪರೀಕ್ಷೆ ಅಂತ. ಒಂಬತ್ತಕ್ಕೆ ಬಂದಾಗ ಒಂಬತ್ತಕ್ಕೂ ಬಂತು. ಹತ್ತಕ್ಕೆ ಹೇಗೂ ಇದ್ದೇ ಉಂಟು. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ಸಾಲಾಗಿ ಮೂರು ವರ್ಷ ಬೋರ್ಡ್ ಪರೀಕ್ಷೆಗೆ ಸಿಕ್ಕಿದ್ದು ಇದೊಂದೇ ಬ್ಯಾಚ್. ಮೂರರಲ್ಲಿ ಎರಡು ಪರೀಕ್ಷೆ ಕೋರ್ಟ್ ಮೆಟ್ಟಿಲು ಹತ್ತಿ ಇಳಿದವು.

ಮಗು ಬೆಳೆಯುವುದರ ಮೇಲೆ ಪರಿಣಾಮ ಬೀರುವ ಸಂಗತಿಗಳು ಯಾವುವು ಅಂತ ಕೇಳಿದರೆ ಹೆಚ್ಚಿನವರು ಹೇಳುವುದು ಶಾಲೆ, ಟೀಚರ್, ಮೊಬೈಲ್. ಮನೆಯ ಟೆನ್ಷನ್ ಆ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ. ಪರೀಕ್ಷೆ ನಡೆಸುವ ರೀತಿಯೇ ಆ ಟೆನ್ಷನ್‌ಗೆ ಒಂದು ಕಾರಣ ಆಗಬಹುದು ಅನ್ನುವುದಂತೂ ಪಟ್ಟಿಗೇ ಬರುವುದಿಲ್ಲ. 2023 ಮತ್ತು 2024ರ ಮಾರ್ಚ್ ತಿಂಗಳು ಅದನ್ನೇ ತೋರಿಸಿದವು.

ನಾಳೆ ಪರೀಕ್ಷೆ ಉಂಟಾ, ಇಲ್ವಾ?

2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕು ಅಂತ ಇಲ್ಲ. 2019ರಲ್ಲಿ ಕೇಂದ್ರ ಇದೇ ಕಾಯ್ದೆಯ 16ನೇ ಸೆಕ್ಷನ್‌ಗೆ ತಿದ್ದುಪಡಿ ತಂದು 5 ಮತ್ತು 8ಕ್ಕೆ ವರ್ಷಾಂತ್ಯದ ನಿಯಮಿತ ಪರೀಕ್ಷೆ, ಫೇಲಾದರೆ ಎರಡು ತಿಂಗಳೊಳಗೆ ಮರುಪರೀಕ್ಷೆ ಅಂತ ಸೇರಿಸಿತು. ಅಲ್ಲೂ ಫೇಲಾದರೆ ಅದೇ ಕ್ಲಾಸಿನಲ್ಲಿ ಉಳಿಸಬೇಕಾ ಬೇಡವಾ ಎಂಬುದನ್ನು ಸರ್ಕಾರಗಳಿಗೆ ಬಿಟ್ಟಿತು. ಈ ಎರಡು ಸೆಕ್ಷನ್‌ಗಳ ನಡುವಿನ ಸಂದಿಯಲ್ಲಿ ಕರ್ನಾಟಕದ ಮಕ್ಕಳು ಸಿಕ್ಕಿಬಿದ್ದರು.

2022ರ ಡಿಸೆಂಬರ್‌ನಲ್ಲಿ, ಅಂದರೆ ಶಾಲೆ ಶುರುವಾಗಿ ಆರು ತಿಂಗಳು ಕಳೆದ ಮೇಲೆ, 5 ಮತ್ತು 8ಕ್ಕೆ ಬೋರ್ಡ್ ಮಟ್ಟದ ಮೌಲ್ಯಾಂಕನ ಅಂತ ಸುತ್ತೋಲೆ ಬಂತು. ಕೊರೊನಾದಿಂದ ಹಿಂದುಳಿದ ಕಲಿಕೆಯನ್ನು ಸರಿದೂಗಿಸಲು ‘ಕಲಿಕಾ ಚೇತರಿಕೆ’ ನಡೆಯುತ್ತಿದ್ದ ವರ್ಷವೂ ಅದೇ. ಖಾಸಗಿ ಅನುದಾನರಹಿತ ಶಾಲೆಗಳ ಸಂಘಟನೆಗಳು ಹೈಕೋರ್ಟ್‌ಗೆ ಹೋದವು. 2023ರ ಮಾರ್ಚ್ 10ಕ್ಕೆ ಏಕಸದಸ್ಯ ಪೀಠ ಸುತ್ತೋಲೆ ರದ್ದು ಮಾಡಿತು. ಪರೀಕ್ಷೆ ಇದ್ದದ್ದು 13ಕ್ಕೆ. 15ಕ್ಕೆ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. ಕೊನೆಗೆ ಪರೀಕ್ಷೆ ಶುರುವಾದದ್ದು ಮಾರ್ಚ್ 27ಕ್ಕೆ.

ಒಂದು ಸಲ ಆಯ್ತು, ಪಾಠ ಕಲಿತರು ಅಂದುಕೊಂಡರೆ ಮರುವರ್ಷ ಇನ್ನೂ ಜೋರು. 5, 8ರ ಜೊತೆ 9 ಮತ್ತು ಪ್ರಥಮ ಪಿಯು ಕೂಡ ಸೇರಿತು. 2024ರ ಮಾರ್ಚ್ 6ಕ್ಕೆ ಏಕಸದಸ್ಯ ಪೀಠ ರದ್ದು ಮಾಡಿತು. 7ಕ್ಕೆ ವಿಭಾಗೀಯ ಪೀಠದ ತಡೆ. 11ಕ್ಕೆ ಮಕ್ಕಳು ಪರೀಕ್ಷೆಗೆ ಕೂತರು. 12ಕ್ಕೆ ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದುಹಾಕಿತು, ಪರೀಕ್ಷೆ ಅರ್ಧಕ್ಕೆ ನಿಂತಿತು. 22ಕ್ಕೆ ವಿಭಾಗೀಯ ಪೀಠ ಸರ್ಕಾರದ ಪರ ತೀರ್ಪು ಕೊಟ್ಟಿತು, 25ರಿಂದ ಉಳಿದ ಪೇಪರ್ ಬರೆಸಿದರು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಆ ತೀರ್ಪಿಗೂ ತಡೆ ಕೊಟ್ಟು, ಫಲಿತಾಂಶ ಹೇಳಬಾರದು, ಹೇಳಿದ್ದರೂ ಯಾವುದಕ್ಕೂ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂತ ಆದೇಶ ಮಾಡಿತು. ಮಕ್ಕಳಿಗೆ, ಪೋಷಕರಿಗೆ, ಶಿಕ್ಷಕರಿಗೆ ಸರ್ಕಾರ ವಿನಾಕಾರಣ ಕಷ್ಟ ಕೊಡುತ್ತಿದೆ ಎಂಬ ಅರ್ಥದ ಮಾತನ್ನೂ ಆಡಿತು.

ಹತ್ತು ವರ್ಷದ ಮಗುವಿನ ಮನೆಯಲ್ಲಿ ಇದು ಹೇಗೆ ಕಂಡಿರಬಹುದು? ಹೈಕೋರ್ಟ್, ವಿಭಾಗೀಯ ಪೀಠ ಎಲ್ಲ ಮಗುವಿಗೆ ಅರ್ಥ ಆಗುವುದಿಲ್ಲ. ಅದಕ್ಕೆ ಕಾಣುವುದು ರಾತ್ರಿ ಶಾಲೆಯ ವಾಟ್ಸಾಪ್ ಗ್ರೂಪ್ ನೋಡುತ್ತ ಕೂತ ಅಮ್ಮ, ‘ನಾಳೆ ಉಂಟಾ ಇಲ್ವಾ’ ಅಂತ ಇನ್ನೊಬ್ಬರ ಹತ್ತಿರ ಕೇಳುವ ಅಪ್ಪ, ಊರಿಗೆ ಬುಕ್ ಮಾಡಿದ್ದ ಟಿಕೆಟ್ ಕ್ಯಾನ್ಸಲ್. ಪಕ್ಕದ ಮನೆಯ ಸಿಬಿಎಸ್‌ಇ ಹುಡುಗ ಪಾರ್ಕಿನಲ್ಲಿ ಆಡುತ್ತಿರುತ್ತಾನೆ, ಏಕೆಂದರೆ ಅವನಿಗೆ ಈ ಪರೀಕ್ಷೆಯೇ ಇಲ್ಲ. 5 ಮತ್ತು 8ರಲ್ಲಿ ಯಾರನ್ನೂ ಫೇಲ್ ಮಾಡುವುದಿಲ್ಲ, ಕಲಿಕೆ ಎಲ್ಲಿ ನಿಂತಿದೆ ಅಂತ ತಿಳಿಯಲಿಕ್ಕೆ ಮಾತ್ರ ಅಂತ ಸರ್ಕಾರ ಹೇಳಿತ್ತು ನಿಜ. ಆದರೆ ‘ಬೋರ್ಡ್’ ಅನ್ನುವ ಒಂದು ಶಬ್ದ ಮನೆಯೊಳಗೆ ಬಂದ ಮೇಲೆ ಆ ವಿವರಣೆಯನ್ನು ಯಾರು ಕೇಳುತ್ತಾರೆ?

ಕಲಿಕೆ ಎಲ್ಲಿ ನಿಂತಿದೆ ಎಂದು ತಿಳಿಯುವುದು ಬೇಕೇ ಬೇಕು. ಎರಡು ವರ್ಷ ಸರಿಯಾಗಿ ಶಾಲೆ ನೋಡದ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು ಬೇಕು. ತಕರಾರು ಇರುವುದು ಸಮಯದ್ದು ಮತ್ತು ರೀತಿಯದ್ದು. ಅಂಗಡಿಯವರಿಗೆ ಇದು ಬೇಗ ಗೊತ್ತಾಗುತ್ತದೆ. ಸ್ಟಾಕ್ ಎಣಿಸುವುದು ನಾಳೆ ಯಾವ ಮಾಲು ತರಿಸಬೇಕು ಅಂತ ತಿಳಿಯಲಿಕ್ಕೆ. ಬಾಗಿಲು ಹಾಕಿ ಕೀ ಕೊಟ್ಟು ಹೋಗುವ ದಿನ ಎಣಿಸಿದರೆ ಮುಂದೆ ಬರುವವನಿಗೆ ಲೆಕ್ಕ ಸಿಗಬಹುದು, ಈ ವರ್ಷದ ವ್ಯಾಪಾರ ಸುಧಾರಿಸುವುದಿಲ್ಲ. ಮಾರ್ಚ್ ಕೊನೆಗೆ ಪರೀಕ್ಷೆ, ಏಪ್ರಿಲ್‌ನಲ್ಲಿ ರಿಸಲ್ಟ್, ಜೂನ್‌ಗೆ ಬೇರೆ ಕ್ಲಾಸು, ಬೇರೆ ಟೀಚರ್. 2024ರದ್ದಂತೂ ಆ ಲೆಕ್ಕದ ಪುಸ್ತಕವನ್ನೇ ತೆರೆಯುವ ಹಾಗಿಲ್ಲ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಅರ್ಧವಾರ್ಷಿಕ ಪರೀಕ್ಷೆಯನ್ನೂ ಬೋರ್ಡ್ ರೀತಿಯಲ್ಲಿ ಮಾಡುವ ವಿಚಾರ ಸುಪ್ರೀಂ ಕೋರ್ಟ್ ಮುಂದೆ ಹೋಗಿ, ಅಲ್ಲೂ ಸರ್ಕಾರ ಬೈಸಿಕೊಂಡಿತು.

19ರಿಂದ 2ಕ್ಕೆ, 2ರಿಂದ 1ಕ್ಕೆ

ಈಗ ಜಿಲ್ಲೆಯ ವಿಷಯಕ್ಕೆ ಬರೋಣ. 2025ರಲ್ಲಿ ದಕ್ಷಿಣ ಕನ್ನಡ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಪ್ರಥಮ. ಫ್ಲೆಕ್ಸ್ ಬಿತ್ತು, ಅಭಿನಂದನೆ ಆಯ್ತು. 2024ರಲ್ಲಿ ಎರಡನೇ ಸ್ಥಾನ, ಉಡುಪಿ ಮೊದಲು. ಅದಕ್ಕೂ ಹಿಂದಿನ ವರ್ಷ, 2023ರಲ್ಲಿ? 19ನೇ ಸ್ಥಾನ. ಆಗ ‘ಬುದ್ಧಿವಂತರ ಜಿಲ್ಲೆಗೆ ಎಂಥ ಆಯ್ತು’ ಅಂತ ಎಷ್ಟು ಚರ್ಚೆ ಆಗಿತ್ತು, ನೆನಪಿದ್ದವರಿಗೆ ಉಂಟು.

ಈಗ ರ‍್ಯಾಂಕ್ ಬಿಟ್ಟು ಪಾಸಾದವರ ಶೇಕಡಾವಾರು ಮಾತ್ರ ನೋಡಿ. 2023ರಲ್ಲಿ ದಕ್ಷಿಣ ಕನ್ನಡ 89.47. 2024ರಲ್ಲಿ 92.12. 2025ರಲ್ಲಿ 91.12. ಹೆಚ್ಚುಕಡಿಮೆ ಇದ್ದಲ್ಲೇ ಇದೆ ಮಾರಾಯ್ರೆ. ನಾಚಿಕೆ ಪಟ್ಟ ವರ್ಷಕ್ಕೂ ಪಟಾಕಿ ಹೊಡೆದ ವರ್ಷಕ್ಕೂ ನಡುವಿನ ವ್ಯತ್ಯಾಸ ನೂರರಲ್ಲಿ ಎರಡು ಮಕ್ಕಳದ್ದೂ ಇಲ್ಲ.

ಬದಲಾದದ್ದು ಬೇರೆ ಜಿಲ್ಲೆಗಳು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. 2023ರಲ್ಲಿ 96.80 ತೆಗೆದು ಮೊದಲು ನಿಂತಿದ್ದ ಚಿತ್ರದುರ್ಗ ಒಂದೇ ವರ್ಷದಲ್ಲಿ 21ನೇ ಸ್ಥಾನಕ್ಕೆ ಇಳಿಯಿತು. ರಾಜ್ಯದ ಫಲಿತಾಂಶ 83.89ರಿಂದ 73.40ಕ್ಕೆ ಬಂತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ. ಮರುವರ್ಷ ಅದನ್ನೂ ತೆಗೆದಾಗ 66.14. ಒಂದು ವರ್ಷದಲ್ಲಿ ಚಿತ್ರದುರ್ಗದ ಮಕ್ಕಳು ದಡ್ಡರಾಗಲಿಲ್ಲ, ಇಲ್ಲಿಯವರು ಜಾಣರೂ ಆಗಲಿಲ್ಲ. ಅಳೆಯುವ ಕೋಲು ಬದಲಾಯಿತು.

ಕದ್ರಿಯ ಒಂದು ಮನೆಗೆ ಇದರಿಂದ ಆಗಬೇಕಾದದ್ದೇನು ಅಂತ ಕೇಳಬಹುದು. ಆಗುವುದು ಉಂಟು. ಜಿಲ್ಲೆಯ ರ‍್ಯಾಂಕ್ ಕುಸಿದ ವರ್ಷ ಮೇಲಿನಿಂದ ಶಾಲೆಗೆ ಒತ್ತಡ ಬರುತ್ತದೆ, ಶಾಲೆಯಿಂದ ಟೀಚರಿಗೆ, ಟೀಚರಿಂದ ಪೋಷಕರ ಸಭೆಗೆ, ಸಭೆಯಿಂದ ಮನೆಗೆ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ವಿಶೇಷ ತರಗತಿ. ರ‍್ಯಾಂಕ್ ಏರಿದ ವರ್ಷ ಅದನ್ನು ಉಳಿಸಿಕೊಳ್ಳಬೇಕು ಅಂತ ಅದೇ ಮೆಟ್ಟಿಲಲ್ಲಿ ಅದೇ ಒತ್ತಡ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ವೈದ್ಯರು ಹೇಳುತ್ತಾರೆ. ಬೆಳಿಗ್ಗೆ ಏಳಕ್ಕೆ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವ, ರಾತ್ರಿ ಎಂಟಕ್ಕೆ ಟ್ಯೂಷನ್ ಬಿಡುವ ಹುಡುಗಿಯ ದಿನದಲ್ಲಿ ಆ ಗಂಟೆಗಳನ್ನು ಎಲ್ಲಿಂದ ತರುವುದು?

ಇನ್ನೊಂದು. ಶೇ 91 ಅಂದರೆ ನೂರರಲ್ಲಿ ಒಂಬತ್ತು ಮಕ್ಕಳು ಆ ಪಟ್ಟಿಯಲ್ಲಿ ಇಲ್ಲ. ಪ್ರಥಮ ಸ್ಥಾನದ ಸುದ್ದಿಯಲ್ಲಿ ಅವರು ಯಾರು, ಯಾವ ಮನೆಯವರು, ಆಮೇಲೆ ಏನಾದರು ಅನ್ನುವ ಒಂದು ಸಾಲೂ ಬರಲಿಲ್ಲ. ಈಗ ಎಸ್ಸೆಸ್ಸೆಲ್ಸಿ, ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಮಾಡಿರುವುದು ಈ ಮಕ್ಕಳಿಗೆ ನಿಜವಾಗಿ ಉಪಕಾರ. 2025-26ರಿಂದ ಎಸ್ಸೆಸ್ಸೆಲ್ಸಿಗೆ ಒಟ್ಟು ಶೇ 33, ಅಂದರೆ 625ಕ್ಕೆ 206, ವಿಷಯವೊಂದಕ್ಕೆ ಕನಿಷ್ಠ 30 ಅಂತ ಮಾಡಿದ್ದಕ್ಕೆ ‘ಮಟ್ಟ ಇಳಿಸಿದರು’ ಅಂತ ಬೈದವರೂ ಇದ್ದಾರೆ. ಬೈಯುವವರು ಒಂದನ್ನು ಗಮನಿಸಬೇಕು: ಎರಡು ಅಂಕಕ್ಕೆ ಫೇಲಾಗಿ ಶಾಲೆ ಬಿಟ್ಟು ಕೆಲಸಕ್ಕೆ ಸೇರಿದ ಹುಡುಗರು ಇದೇ ಊರಿನ ಗ್ಯಾರೇಜು, ಬೇಕರಿ, ಗೋದಾಮುಗಳಲ್ಲಿ ಇದ್ದಾರೆ. ಅವರನ್ನು ಕೆಲಸಕ್ಕೆ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯ ಲೆಕ್ಕ ಮಗುವಿನ ಲೆಕ್ಕದ ಪುಸ್ತಕಕ್ಕೆ ಬರುವ ದಾರಿ

ಅಮೆರಿಕದ ಅಯೋವಾ ಎಂಬ ಕೃಷಿ ರಾಜ್ಯದಲ್ಲಿ 1980ರ ದಶಕದಲ್ಲಿ ಜಮೀನಿನ ಬೆಲೆ ಬಿದ್ದು, ಸಾಲ ಏರಿ, ರೈತರ ಮನೆಗಳು ಮುಳುಗಿದವು. ರ‍್ಯಾಂಡ್ ಕಾಂಗರ್, ಗ್ಲೆನ್ ಎಲ್ಡರ್ ಎಂಬ ಸಂಶೋಧಕರು 1989ರಿಂದ ಅಲ್ಲಿನ 451 ಕುಟುಂಬಗಳನ್ನು ವರ್ಷಾನುಗಟ್ಟಲೆ ಗಮನಿಸಿದರು. ಪ್ರತಿ ಮನೆಯಲ್ಲೂ ಏಳನೇ ಕ್ಲಾಸಿನ ಒಂದು ಮಗು ಇತ್ತು. ಹಣದ ಕಷ್ಟ ನೇರವಾಗಿ ಹೋಗಿ ಮಗುವನ್ನು ಹಿಡಿಯುವುದಿಲ್ಲ, ಅದಕ್ಕೊಂದು ದಾರಿ ಉಂಟು ಎಂದು ಅವರು ಕಂಡರು. ಮೊದಲು ಅಪ್ಪ ಅಮ್ಮನ ಮನಸ್ಸು ಕುಗ್ಗುತ್ತದೆ. ಆಮೇಲೆ ಇಬ್ಬರ ನಡುವೆ ಜಗಳ. ಜಗಳದಿಂದ ಮಗುವಿನ ಮೇಲೆ ಸಿಟ್ಟು, ಇಲ್ಲವೇ ಮಗುವಿನ ಕಡೆ ಗಮನವೇ ಇಲ್ಲದಿರುವುದು. ಅಲ್ಲಿಂದ ಮಗುವಿನ ನಡವಳಿಕೆ, ಓದು. ಅಂದರೆ ಕಷ್ಟ ಇದ್ದೂ ನಡುವಿನ ಈ ಮೆಟ್ಟಿಲುಗಳು ತುಂಡಾದ ಮನೆಗಳಲ್ಲಿ ಮಗು ಅಷ್ಟು ಹಾಳಾಗುವುದಿಲ್ಲ.

ಅಯೋವಾ ದೂರ ಆಯ್ತು ಅನ್ನುವವರಿಗೆ ಹತ್ತಿರದ್ದೂ ಒಂದಿದೆ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಹಣ ಕೈಗೆ ಬಂದ ಮೇಲೆ ಒಮ್ಮೆ, ಗಮನ ಮತ್ತು ಯೋಚನೆಯ ಚಿಕ್ಕ ಪರೀಕ್ಷೆಗಳಿಗೆ ಕೂರಿಸಿ ನೋಡಿದರು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಅದೇ ಮನುಷ್ಯ, ಅದೇ ತಲೆ. ಆದರೆ ಕೈ ಖಾಲಿ ಇದ್ದಾಗ ಅವನ ಫಲಿತಾಂಶ ಕಡಿಮೆ, ಹಣ ಬಂದ ಮೇಲೆ ಹೆಚ್ಚು. ದುಡ್ಡಿನ ಚಿಂತೆ ತಲೆಯ ಒಂದು ಭಾಗವನ್ನು ಬಾಡಿಗೆಗೆ ಹಿಡಿದ ಹಾಗೆ. ದೊಡ್ಡವರಿಗೇ ಹೀಗಾದರೆ ಅಂಥ ಮನೆಯಲ್ಲಿ ಮಗುವಿಗೆ ಭಾಗಾಕಾರ ಹೇಳಿಕೊಡಲು ಕೂತವರ ತಾಳ್ಮೆ ಎಷ್ಟು ಉಳಿದಿರುತ್ತದೆ?

ಕರಾವಳಿಯ ಕ್ಯಾಲೆಂಡರ್‌ಗೆ ಇದನ್ನು ಹೊಂದಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ, 61 ದಿನ ರಜೆ. ದಕ್ಕೆಯಲ್ಲಿ ಕೆಲಸ ಇಲ್ಲ, ಐಸ್ ಪ್ಲಾಂಟ್ ನಿಧಾನ, ಮೀನಿನ ಟೆಂಪೋ ನಿಂತಿರುತ್ತದೆ, ಮೀನು ಮಾರುವ ಹೆಂಗಸರ ಬುಟ್ಟಿ ಅರ್ಧ. ಮಳೆಗೆ ಕಟ್ಟಡ ಕೆಲಸವೂ ಕಡಿಮೆ, ಬಟ್ಟೆ, ಫ್ಯಾನ್ಸಿ ಅಂಗಡಿಗಳಿಗೆ ಗಿರಾಕಿ ಕಡಿಮೆ. ಶಾಲೆ ಶುರುವಾಗುವುದೂ ಆಗಲೇ. ಫೀಸಿನ ಮೊದಲ ಕಂತು, ಪುಸ್ತಕ, ಯೂನಿಫಾರಂ, ಶೂ, ಕೊಡೆ, ಆಟೋದವರ ಅಡ್ವಾನ್ಸ್ ಎಲ್ಲ ಒಂದೇ ತಿಂಗಳು. ವರ್ಷದಲ್ಲಿ ಕೈ ಅತ್ಯಂತ ಖಾಲಿ ಇರುವ ತಿಂಗಳಿಗೆ ಅತಿ ಹೆಚ್ಚು ಖರ್ಚನ್ನು ಇಟ್ಟವರು ಯಾರೋ, ಅವರು ಬಂದರಿನವರಂತೂ ಅಲ್ಲ. ಹೊಸ ಕ್ಲಾಸಿನ ಮೊದಲ ಪಾಠಗಳು ನಡೆಯುವುದೂ ಈ ತಿಂಗಳಲ್ಲೇ, ಗಣಿತದಲ್ಲಿ ಬುನಾದಿ ಹಾಕುವುದೂ ಆಗಲೇ. ಮೇಲಿಂದ ಜಿಲ್ಲಾಧಿಕಾರಿಯವರ ಮಳೆ ರಜೆ. ರಜೆ ಕೊಡಲೇಬೇಕು, ಮಕ್ಕಳ ಜೀವ ದೊಡ್ಡದು. ಆದರೆ ಇಬ್ಬರೂ ದುಡಿಯುವ ಮನೆಯಲ್ಲಿ ಬೆಳಿಗ್ಗೆ ಎದ್ದು ನೋಡಿದ ರಜೆ ಇನ್ನೊಂದು ಜಗಳಕ್ಕೆ ಕಾರಣ ಆಗುವುದೂ ಉಂಟು.

ಶಾಲೆಯ ಆಡಳಿತ ಮಂಡಳಿಗಳು ಇಲ್ಲಿ ದೊಡ್ಡ ಉಪಕಾರ ಏನೂ ಮಾಡಬೇಕಾಗಿಲ್ಲ. ಫೀಸಿನ ಮೊದಲ ಕಂತನ್ನು ಆಗಸ್ಟ್ ಕೊನೆಗೆ ತಳ್ಳಿದರೆ ಸಾಕು, ಬೋಟು ಕಡಲಿಗೆ ಇಳಿದಿರುತ್ತದೆ, ಚೌತಿಯ ವ್ಯಾಪಾರ ಹತ್ತಿರ ಬಂದಿರುತ್ತದೆ. ಫೀಸು ಬಾಕಿ ಇರುವ ಮಗುವನ್ನು ಕ್ಲಾಸಿನಲ್ಲಿ ಎದ್ದು ನಿಲ್ಲಿಸುವ ಪದ್ಧತಿ ಎಲ್ಲಾದರೂ ಇದ್ದರೆ ಅದು ಇವತ್ತೇ ನಿಲ್ಲಬೇಕು. ಮಗುವಿನ ಕೈಯಲ್ಲಿ ಚೀಟಿ ಕಳಿಸುವುದಕ್ಕಿಂತ ಪೋಷಕರಿಗೆ ಒಂದು ಫೋನ್ ಕಾಲ್ ಕಷ್ಟವಲ್ಲ.

ಗಲ್ಫ್ ಮನೆಗಳ ಟೆನ್ಷನ್ ಬೇರೆ ಜಾತಿಯದ್ದು. ಅಲ್ಲಿ ಹಣ ಬರುತ್ತದೆ, ಅಪ್ಪ ಬರುವುದಿಲ್ಲ. ರಾತ್ರಿಯ ವಿಡಿಯೋ ಕಾಲ್‌ನಲ್ಲಿ ಮಾತಾಡಲಿಕ್ಕೆ ಹತ್ತು ನಿಮಿಷ ಸಿಕ್ಕಿದರೆ ಅದರಲ್ಲಿ ಐದು ನಿಮಿಷ ಮಾರ್ಕಿಗೆ ಹೋಗುತ್ತದೆ. ಮಗುವಿಗೆ ಅಪ್ಪ ಅಂದರೆ ಪ್ರೋಗ್ರೆಸ್ ಕಾರ್ಡ್ ಕೇಳುವ ಮುಖ ಅಂತ ಆಗಿಬಿಡುವ ಅಪಾಯ. ಮನೆಯಲ್ಲಿ ಎಲ್ಲವನ್ನೂ ಒಬ್ಬಳೇ ನೋಡುವ ಅಮ್ಮನಿಗೆ ‘ಮಕ್ಕಳನ್ನು ಸರಿಯಾಗಿ ಓದಿಸ್ತಿದ್ದೀಯಾ’ ಅನ್ನುವ ಪ್ರಶ್ನೆ ಗಂಡನಿಂದ, ಅತ್ತೆಯಿಂದ, ಶಾಲೆಯಿಂದ. ಮಗುವಿನ ಮಾರ್ಕು ಆಕೆಗೆ ಬಂದ ಮಾರ್ಕು ಆಗಿಬಿಟ್ಟಿದೆ.

‘ದಡ್ಡ’ ಅಂತ ಹೇಳುವ ಮೊದಲು

ಕದ್ರಿಯಲ್ಲಿ ಒಂದು ಕ್ಲಾಸಿನಲ್ಲಿ ಮೂವತ್ತು ಮಕ್ಕಳಿದ್ದರೆ ಮನೆಯಲ್ಲಿ ತುಳು ಆಡುವವರು, ಕೊಂಕಣಿ ಆಡುವವರು, ಬ್ಯಾರಿ ಆಡುವವರು, ಮಲಯಾಳ ಆಡುವವರು ಎಲ್ಲ ಇರುತ್ತಾರೆ. ಬಾಗಲಕೋಟೆ, ಗದಗ, ಕೊಪ್ಪಳ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೂ ಇರಬಹುದು. ಅವರ ಕನ್ನಡಕ್ಕೆ ಇಲ್ಲಿಯ ಮಕ್ಕಳು ನಗುತ್ತಾರೆ, ಇಲ್ಲಿಯ ಕನ್ನಡಕ್ಕೆ ಅವರು ಕಕ್ಕಾಬಿಕ್ಕಿ. ಪಾಠ ಇಂಗ್ಲಿಷ್‌ನಲ್ಲಿ. ಇಷ್ಟು ದಾಟಿ ಬಂದ ಮಗು ಪ್ರಶ್ನೆ ಅರ್ಥವಾಗದೆ ತಪ್ಪು ಬರೆದರೆ ಅದು ಗಣಿತದ ತಪ್ಪಾ, ಭಾಷೆಯ ತಪ್ಪಾ? ಉತ್ತರ ಪತ್ರಿಕೆಯಲ್ಲಿ ಅದು ಕಾಣುವುದಿಲ್ಲ. ಮಗುವಿನ ಹತ್ತಿರ ಕೂತು ಬಾಯಲ್ಲಿ ಕೇಳಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಪ್ರೊ. ಸುಖದೇವ್ ಥೋರಟ್ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ರಾಜ್ಯ ಶಿಕ್ಷಣ ನೀತಿಯ ವರದಿ 5ನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆ ಮಾಧ್ಯಮ ಇರಲಿ ಅಂತ ಹೇಳಿದೆ. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿಯಾಗಿದೆ. ಆ ಜಗಳ ಮುಗಿಯುವ ಲಕ್ಷಣ ಇಲ್ಲ. ಅಷ್ಟರವರೆಗೆ ತುಳುವಿನಲ್ಲಿ ಒಮ್ಮೆ ವಿವರಿಸಿ ಹೇಳಿದ ಟೀಚರಿಗೆ ಯಾರೂ ಬೈಯದಿದ್ದರೆ ಸಾಕು.

ಎರಡನೆಯದು ಕಣ್ಣು, ಕಿವಿ. ಬೋರ್ಡ್ ಮೇಲಿನ ಅಕ್ಷರ ಮಂಜಾಗಿ ಕಾಣುವ ಮಗು ಅದು ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿರುತ್ತದೆ, ಹೇಳುವುದೇ ಇಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಹೋಗಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಮಾಡುತ್ತವೆ. ಬೆಳವಣಿಗೆಯಲ್ಲಿ ಹಿಂದುಳಿದಿದ್ದರೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತವೆ. ಫೀಸು ಕಟ್ಟಿ ಖಾಸಗಿ ಶಾಲೆಗೆ ಹೋಗುವ ಮಕ್ಕಳು ಈ ತಪಾಸಣೆಯ ಹೊರಗೆ. ಕದ್ರಿ, ಬಿಜೈ, ಬೆಂದೂರ್ ಕಡೆಯ ಬಹಳ ಮನೆಗಳು ಈ ಸಾಲಿಗೆ ಬರುತ್ತವೆ. ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡಿಸುವ ಖರ್ಚು ಒಂದು ತಿಂಗಳ ಟ್ಯೂಷನ್ ಫೀಸಿಗಿಂತ ಕಡಿಮೆಯೇ.

ಮೂರನೆಯದು ಕಲಿಕಾ ನ್ಯೂನತೆ. ಮಾತಿನಲ್ಲಿ ಚುರುಕು, ಓದಲು ಕೊಟ್ಟರೆ ತಡವರಿಕೆ, ಬರೆಯುವಾಗ ಅಕ್ಷರ ಹಿಂದುಮುಂದು. ‘ತಾರೇ ಜಮೀನ್ ಪರ್’ ಸಿನಿಮಾ 2007ರಲ್ಲಿ ಬಂದು ಎಲ್ಲರನ್ನೂ ಅಳಿಸಿ ಹೋಯಿತು, ಆದರೂ ‘ಆಲಸ್ಯ, ಬೇರೆ ಏನೂ ಇಲ್ಲ’ ಅನ್ನುವವರು ಈಗಲೂ ಕಡಿಮೆ ಇಲ್ಲ. 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರ ಇದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಅನುಕೂಲ ಉಂಟು. ಆದರೆ ಹತ್ತನೇ ಕ್ಲಾಸಿನ ಜನವರಿಯಲ್ಲಿ ಓಡಾಡಿದರೆ ಪ್ರಮಾಣಪತ್ರ ಸಿಗಬಹುದು, ಕಳೆದ ಏಳು ವರ್ಷ ಬೈಸಿಕೊಂಡದ್ದು ವಾಪಸ್ ಬರುವುದಿಲ್ಲ. ಮೂರನೇ ಕ್ಲಾಸಿನಲ್ಲೇ ಇದನ್ನು ಹಿಡಿಯುವುದು ನಿಜವಾದ ಮೌಲ್ಯಮಾಪನದ ಕೆಲಸ, ಅದಕ್ಕೆ ಬೋರ್ಡ್‌ನಿಂದ ಪ್ರಶ್ನೆಪತ್ರಿಕೆ ಬರಬೇಕಾಗಿಲ್ಲ.

ಅಂಥ ಮೌಲ್ಯಮಾಪನ ಕರ್ನಾಟಕಕ್ಕೆ ಹೊಸದೇನೂ ಅಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ‘ನಲಿ-ಕಲಿ’ಯಲ್ಲಿ ಮಗು ತನ್ನ ವೇಗದಲ್ಲಿ ಕಾರ್ಡ್ ಏಣಿ ಹತ್ತುತ್ತದೆ, ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ಟೀಚರಿಗೆ ಆ ದಿನವೇ ಗೊತ್ತಾಗುತ್ತದೆ. ಶಾಲೆಗಳಲ್ಲಿ ಈಗ ನಡೆಯುವ ನಾಲ್ಕು ರೂಪಣಾತ್ಮಕ ಪರೀಕ್ಷೆಗಳು, ಅಂದರೆ ಮಕ್ಕಳ ಬಾಯಲ್ಲಿ ಬರುವ ಎಫ್‌ಎ 1, ಎಫ್‌ಎ 2, ಅದೇ ಉದ್ದೇಶಕ್ಕೆ ಬಂದವು. ಎಲ್ಲಿ ಎಡವಿದ ಅಂತ ನೋಡಿ, ಅಲ್ಲೇ ಹಿಡಿದು ಎತ್ತುವುದು. ಆದರೆ ಹೆಚ್ಚಿನ ಕಡೆ ಅದೂ ಒಂದು ಚಿಕ್ಕ ಟೆಸ್ಟ್ ಆಗಿ, ಮಾರ್ಕು ಬಿದ್ದು, ಪೋಷಕರ ಸಹಿಯಾಗಿ ಮುಗಿಯುತ್ತದೆ. ಸಹಿ ಹಾಕುವ ಪೋಷಕರು ‘ಎಷ್ಟು ಬಂತು’ ಅಂತ ಕೇಳುವ ಬದಲು ‘ಎಲ್ಲಿ ತಪ್ಪಿತು, ಅದಕ್ಕೆ ಮುಂದಿನ ವಾರ ಏನು ಮಾಡ್ತೀರಿ’ ಅಂತ ಶಾಲೆಯಲ್ಲಿ ಕೇಳಿದರೆ ಮಾತು ಬೇರೆ ಆಗುತ್ತದೆ. ಕೇಳುವ ಹಕ್ಕು ಅವರಿಗುಂಟು, ಫೀಸು ಕಟ್ಟಿದವರಿಗೂ ಕಟ್ಟದವರಿಗೂ.

ಗಡಿಬಿಡಿ ಈಗ ಇನ್ನೂ ಕೆಳಗೆ ಇಳಿದಿದೆ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅಂತ 2022ರಲ್ಲೇ ಆದೇಶ ಆಗಿತ್ತು. 2025-26ಕ್ಕೆ ಜಾರಿ ಬಂದಾಗ ಯುಕೆಜಿ ಮುಗಿಸಿ ಕೆಲವೇ ದಿನ ಕಡಿಮೆ ಬಿದ್ದ ಮಕ್ಕಳ ಪೋಷಕರು ಗಲಾಟೆ ಮಾಡಿದರು. ಕೊನೆಗೆ ಏಪ್ರಿಲ್‌ನಲ್ಲಿ, ಆ ಒಂದು ವರ್ಷಕ್ಕೆ ಮಾತ್ರ, ಐದು ವರ್ಷ ಐದು ತಿಂಗಳಾದರೆ ಸಾಕು ಅಂತ ಸಡಿಲಿಸಿದರು. ಆರು ವರ್ಷದ ನಿಯಮ ಮಗುವಿಗೆ ಒಳ್ಳೆಯದೇ. ಮೂರು ತುಂಬುವ ಮೊದಲೇ ಪ್ಲೇ ಹೋಂಗೆ, ಐದಕ್ಕೆ ಒಂದನೇ ಕ್ಲಾಸಿಗೆ ತಳ್ಳುವ ಅವಸರ ಇಲ್ಲಿ ಹೆಚ್ಚೇ ಉಂಟು. ಆದರೆ ನಿಯಮ ಗಟ್ಟಿ ಇರಬೇಕು, ಮೂರು ವರ್ಷ ಮೊದಲೇ ಗೊತ್ತಿರಬೇಕು. ಪ್ರತಿ ಏಪ್ರಿಲ್‌ನಲ್ಲಿ ಮನೆಯವರನ್ನು ತುದಿಗಾಲಲ್ಲಿ ನಿಲ್ಲಿಸಿದರೆ 5ನೇ ಕ್ಲಾಸಿನವರಿಗೆ ಮಾಡಿದ್ದನ್ನೇ ಯುಕೆಜಿಯವರಿಗೂ ಮಾಡಿದ ಹಾಗಾಗುತ್ತದೆ.

ಕೇಂದ್ರದ ಕಡೆಯಿಂದಲೂ ಒಂದು ಬದಲಾವಣೆ ಬಂದಿದೆ. 2024ರ ಡಿಸೆಂಬರ್‌ನಲ್ಲಿ ಹೊರಬಿದ್ದ ಅಧಿಸೂಚನೆಯಂತೆ ಕೇಂದ್ರೀಯ ವಿದ್ಯಾಲಯ, ನವೋದಯಗಳಲ್ಲಿ 5 ಮತ್ತು 8ನೇ ತರಗತಿಯ ಮಕ್ಕಳು ಮರುಪರೀಕ್ಷೆಯಲ್ಲೂ ಪಾಸಾಗದಿದ್ದರೆ ಅದೇ ಕ್ಲಾಸಿನಲ್ಲಿ ಉಳಿಸಬಹುದು. ಪಣಂಬೂರು, ಎಕ್ಕೂರಿನ ಕೇಂದ್ರೀಯ ವಿದ್ಯಾಲಯಗಳ ಪೋಷಕರಿಗೆ ಇದು ನೇರ ಸಂಬಂಧ. ರಾಜ್ಯದ ಶಾಲೆಗಳಿಗೆ ಇದು ಅನ್ವಯಿಸುವುದಿಲ್ಲ. ವಾಟ್ಸಾಪ್‌ನಲ್ಲಿ ‘ಇನ್ನು ಐದನೇ ಕ್ಲಾಸಿನಲ್ಲೂ ಫೇಲ್’ ಅಂತ ಬರುವ ಫಾರ್ವರ್ಡ್ ನೋಡಿ ಮಗುವಿಗೆ ಹೆದರಿಸುವ ಮೊದಲು ಶಾಲೆಯಲ್ಲಿ ಕೇಳಿ ಖಚಿತ ಮಾಡಿಕೊಳ್ಳುವುದು ಉತ್ತಮ.

ಮಗು ಊಟ ಬಿಟ್ಟರೆ, ನಿದ್ದೆ ಕೆಟ್ಟರೆ, ಶಾಲೆ ಅಂದ ಕೂಡಲೇ ಹೊಟ್ಟೆನೋವು ಅಂದರೆ, ‘ನಾನು ಬೇಡ’ ಅನ್ನುವ ರೀತಿಯ ಮಾತಾಡಿದರೆ ಅದನ್ನು ನಾಟಕ ಅಂತ ತಳ್ಳಬಾರದು. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು, ಅಪ್ಪ ಅಮ್ಮನೂ ತಮಗಾಗಿ ಕರೆ ಮಾಡಬಹುದು. ಮಕ್ಕಳ ಸಹಾಯವಾಣಿ 1098.

ಮೂರು ಬೋರ್ಡ್ ಕಂಡ ಆ ಬ್ಯಾಚ್‌ನ ದ್ವಿತೀಯ ಪಿಯು ಪರೀಕ್ಷೆ 2027ರ ಮಾರ್ಚ್ ಹೊತ್ತಿಗೆ. ಅವರು 2024ರಲ್ಲಿ ಬರೆದ ಒಂಬತ್ತನೇ ಕ್ಲಾಸಿನ ಪೇಪರ್‌ಗಳ ಮಾರ್ಕು ಯಾವ ಲೆಕ್ಕಕ್ಕೂ ಬರಲಿಲ್ಲ.